ಮಣಿಕಟ್ಟಿಗೆ ಹೊರಿಸಿದ ಹೊರೆ

ಮಾಸ್ತರರು ತಪ್ಪು ಮಾಡಿದರೆ ಸಾಮಾನ್ಯವಾಗಿ ಅದು ಕರಿಹಲಗೆಯ ಮೇಲೆ ಉಳಿಯುತ್ತದೆ. ಡಸ್ಟರ್ ಎತ್ತಿ ಒರೆಸಿದರೆ ಮುಗಿಯಿತು. ನಾನು ಮಾಡಿದ ಒಂದು ತಪ್ಪು ಮಾತ್ರ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ಬಲಗೈ ಮಣಿಕಟ್ಟಿನೊಳಗೆ ಹೋಗಿ ಕುಳಿತಿತು. ಅದನ್ನು ಒರೆಸಲು ಒಂದು ಮಳೆಗಾಲವೇ ಬೇಕಾಯಿತು.

ಹೆಗಡೆಕಟ್ಟಾದಂಥ ಊರಿಗೆ ಟೆನ್ನಿಸ್ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಇಲ್ಲಿ ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ಸಮತಟ್ಟಾದ ಜಾಗವೆಂದರೆ ಅಡಿಕೆ ಒಣಗಿಸುವ ಅಂಗಳವೊಂದೇ. ನಮ್ಮ ಮಕ್ಕಳು ಆಡುವುದು ಕಬಡ್ಡಿ, ಖೊಖೊ, ವಾಲಿಬಾಲು. ಅಂಗಳ ಖಾಲಿಯಿದ್ದಾಗ ಶಟಲ್. ಆ ಹುಡುಗಿಗೆ ಬೆಂಗಳೂರಿನಲ್ಲಿದ್ದ ಸೋದರಮಾವ ತನ್ನದೊಂದು ಹಳೆಯ ಟೆನ್ನಿಸ್ ರ‍್ಯಾಕೆಟ್ಟನ್ನೂ ಆರೇಳು ಚೆಂಡುಗಳನ್ನೂ ಕೊಟ್ಟುಹೋಗಿದ್ದ. ಅಡಿಕೆ ಒಣಗಿ ಮೂಟೆ ಸೇರಿದ ಮೇಲೆ, ಮಾರ್ಚ್ ತಿಂಗಳಿನಲ್ಲಿ, ಅವಳು ಕೊಟ್ಟಿಗೆಯ ಸಿಮೆಂಟು ಬಳಿದ ಗೋಡೆಗೆ ಚೆಂಡು ಬಾರಿಸಲು ಶುರು ಮಾಡಿದಳು. ಇದು ನಾಲ್ಕು ವರ್ಷಗಳ ಹಿಂದಿನ ಮಾತು. ಅವಳಾಗ ಒಂಬತ್ತನೇ ತರಗತಿಯಲ್ಲಿದ್ದಳು.

ಒಂದು ದಿನ ಶಾಲೆಯ ಜಗುಲಿಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿದಳು: “ಸರ್, ಎಷ್ಟು ಜೋರಾಗಿ ಹೊಡೆದ್ರೂ ಚೆಂಡು ಜೋರಾಗಿ ಹೋಗೂದಿಲ್ಲ. ಯಾಕೆ?”

ವಿಜ್ಞಾನದ ಮಾಸ್ತರರಿಗೆ ಒಂದು ಕಾಯಿಲೆಯಿದೆ. ‘ಗೊತ್ತಿಲ್ಲ’ ಎಂಬ ಮಾತು ಬಾಯಿಗೆ ಬರುವುದೇ ಇಲ್ಲ. ನಾನು ಅವಳನ್ನು ತರಗತಿಗೆ ಕರೆದೊಯ್ದು ಹಲಗೆಯ ಮೇಲೆ ಸನ್ನೆಯ ಚಿತ್ರ ಬರೆದೆ. ಮಣಿಕಟ್ಟು ಆಧಾರಬಿಂದು, ರ‍್ಯಾಕೆಟ್ಟು ಉದ್ದನೆಯ ಕೋಲು. ಮಣಿಕಟ್ಟು ಸ್ವಲ್ಪ ತಿರುಗಿದರೂ ರ‍್ಯಾಕೆಟ್ಟಿನ ತುದಿ ಬಹಳ ದೂರ ಸಾಗುತ್ತದೆ. ದೂರ ಹೆಚ್ಚಾದರೆ ವೇಗವೂ ಹೆಚ್ಚು. “ಚೆಂಡು ಬಂದಾಗ ಮಣಿಕಟ್ಟನ್ನು ಫಟ್ಟನೆ ಮುರಿ” ಎಂದೆ. ಲೆಕ್ಕ ಸರಿಯಾಗಿಯೇ ಇತ್ತು. ಅವಳು ತಲೆದೂಗಿದಳು. ನನಗೂ ಖುಷಿಯಾಯಿತು.

ಆ ಸಲಹೆಯ ಹಿಂದೆ ನನ್ನ ಬಾಲ್ಯದ ನಂಬಿಕೆಯೂ ಇತ್ತು. ನಾವು ಬೆಳೆದದ್ದು ರೇಡಿಯೊ ಕಾಮೆಂಟರಿ ಕೇಳುತ್ತ. ಭದ್ರಾವತಿಯ ಜಿ. ಆರ್. ವಿಶ್ವನಾಥ್ ಸ್ಕ್ವೇರ್ ಕಟ್ ಹೊಡೆದರೆ ದೊಡ್ಡವರು ‘ಎಂಥಾ ಮಣಿಕಟ್ಟು!’ ಎನ್ನುತ್ತಿದ್ದರು. 1980ರಲ್ಲಿ ಪ್ರಕಾಶ್ ಪಡುಕೋಣೆ ಲಿಯೆಮ್ ಸ್ವೀ ಕಿಂಗ್ ಅವರನ್ನು ಸೋಲಿಸಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಗೆದ್ದಾಗ ಆಗಲೂ ಅದೇ ಮಾತು. ಕೈಯಲ್ಲಿ ಬ್ಯಾಟು, ರ‍್ಯಾಕೆಟ್ಟು ಏನೇ ಇರಲಿ, ಗುಟ್ಟೆಲ್ಲ ಮಣಿಕಟ್ಟಿನಲ್ಲಿದೆ ಎಂದು ನಾನು ಐವತ್ತು ದಾಟುವವರೆಗೂ ನಂಬಿದ್ದೆ.

ಹುಡುಗಿ ಹೇಳಿದ್ದನ್ನು ಶ್ರದ್ಧೆಯಿಂದ ಮಾಡುವವಳು. ಏಪ್ರಿಲ್, ಮೇ ಎರಡೂ ತಿಂಗಳು ಬೆಳಿಗ್ಗೆ ಸಂಜೆ ಗೋಡೆಗೆ ಬಾರಿಸಿದಳು. ಚೆಂಡಿಗೆ ಸ್ವಲ್ಪ ವೇಗವೂ ಬಂತು. ಮೇ ಕೊನೆಗೆ ಕಿರುಬೆರಳಿನ ಕಡೆಯ ಮಣಿಕಟ್ಟು ನೋಯತೊಡಗಿತು. ಶಾಲೆ ತೆರೆದಾಗ ಪೆನ್ನು ಹಿಡಿದು ಒಂದು ಪುಟ ಬರೆದರೆ ಕೈ ಕೊಡವಿಕೊಳ್ಳುತ್ತಿದ್ದಳು. ಅವಳ ತಂದೆ ಶಿರಸಿಗೆ ಕರೆದುಕೊಂಡು ಹೋದರು. ಎಕ್ಸ್-ರೇಯಲ್ಲಿ ಮೂಳೆಗೆ ಏನೂ ಆಗಿರಲಿಲ್ಲ. ಗಂಟಿನ ಪಕ್ಕದ ಮೃದು ಭಾಗಕ್ಕೆ ಪೆಟ್ಟಾಗಿದೆ, ರ‍್ಯಾಕೆಟ್ಟು ಮುಟ್ಟಬಾರದು ಎಂದರಂತೆ ವೈದ್ಯರು.

ಇದನ್ನೆಲ್ಲ ತಂದೆ ನನಗೆ ಹೇಳಿದ್ದು ಬಸ್ಸಿಗೆ ಕಾಯುತ್ತ ನಿಂತಿದ್ದಾಗ. “ಇಷ್ಟು ಸಣ್ಣ ಗಂಟಿಗೆ ಇಷ್ಟು ಕೆಲಸ ಹಚ್ಚಿದವರು ಯಾರು ಅಂತ ಡಾಕ್ಟರು ಕೇಳಿದ್ರು ಮಾಸ್ತರೇ. ಇವಳು ತುಟಿ ಬಿಚ್ಚಲಿಲ್ಲ. ಸಾಕು ಈ ಆಟ. ಬರೋ ವರ್ಷ ಎಸ್ಸೆಸ್ಸೆಲ್ಸಿ.”

ಅವಳು ತುಟಿ ಬಿಚ್ಚಲಿಲ್ಲ ಏಕೆಂದು ನನಗೆ ಗೊತ್ತಿತ್ತು. ನಾನೂ ಬಿಚ್ಚಲಿಲ್ಲ. ಬಸ್ಸು ಬಂತು, ಹತ್ತಿಕೊಂಡೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಹಲಗೆಯ ಮೇಲಿನ ಲೆಕ್ಕ ಸರಿಯಾಗಿದ್ದರೆ ಕೈ ಏಕೆ ನೋಯಬೇಕು? ಪುಸ್ತಕ ತೆಗೆದೆ, ಹಾಳೆ ತೆಗೆದೆ, ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಿದೆ.

ಟೆನ್ನಿಸ್ ಚೆಂಡಿನ ತೂಕ 56ರಿಂದ 59.4 ಗ್ರಾಂ. ಬ್ಯಾಡ್ಮಿಂಟನ್ನಿನ ಶಟಲ್‌ಕಾಕ್ 5.5 ಗ್ರಾಂ ಕೂಡ ದಾಟುವಂತಿಲ್ಲ. ಅಂದರೆ ಚೆಂಡು ಹತ್ತು ಪಟ್ಟಿಗಿಂತ ಹೆಚ್ಚು ಭಾರ. ಶಟಲ್ ರ‍್ಯಾಕೆಟ್ಟು ನೂರು ಗ್ರಾಂಗಿಂತ ಕಡಿಮೆ; ಸೋದರಮಾವ ಕೊಟ್ಟ ರ‍್ಯಾಕೆಟ್ಟು ಮುನ್ನೂರು ಗ್ರಾಂ. ಉದ್ದ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಹಗುರವಾದುದನ್ನು ಸಣ್ಣ ಸ್ನಾಯುಗಳು ಬೀಸಬಲ್ಲವು; ಮೂರು ಪಟ್ಟು ಭಾರದ್ದನ್ನು ಅಷ್ಟೇ ಸಲೀಸಾಗಿ ಬೀಸಲಾರವು. ಶಟಲ್‌ಗೆ ಸಲ್ಲುವ ಬುದ್ಧಿಯನ್ನು ನಾನು ಟೆನ್ನಿಸ್ಸಿಗೆ ಹಚ್ಚಿದ್ದೆ.

ಇನ್ನು ಪೆಟ್ಟಿನ ಲೆಕ್ಕ. ಗೋಡೆಯಿಂದ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬಂದ ಚೆಂಡನ್ನು ಅವಳು 20 ಮೀಟರ್ ವೇಗದಲ್ಲಿ ತಿರುಗಿಸಿ ಕಳಿಸಿದಳು ಎಂದುಕೊಳ್ಳಿ. ದಿಕ್ಕು ಬದಲಾದ್ದರಿಂದ ವೇಗದ ಒಟ್ಟು ಬದಲಾವಣೆ 35 ಮೀಟರ್. 58 ಗ್ರಾಂನಿಂದ ಗುಣಿಸಿದರೆ ಸಂವೇಗದ ಬದಲಾವಣೆ ಸಿಕ್ಕುತ್ತದೆ. ಚೆಂಡು ರ‍್ಯಾಕೆಟ್ಟಿನ ತಂತಿಗೆ ತಾಗಿರುವುದು ಸುಮಾರು 5 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಇನ್ನೂರನೇ ಒಂದು ಭಾಗ. ಭಾಗಿಸಿದರೆ ಸರಾಸರಿ ಬಲ ನಾನೂರು ನ್ಯೂಟನ್ ದಾಟುತ್ತದೆ. ಸುಮಾರು ನಲವತ್ತೊಂದು ಕಿಲೋ ಭಾರಕ್ಕೆ ಸಮ. ಹುಡುಗಿಯ ತೂಕವೂ ಹೆಚ್ಚುಕಡಿಮೆ ಅಷ್ಟೇ! ಅದೆಲ್ಲವೂ ಕೈಗೆ ಬರುವುದಿಲ್ಲ ಎನ್ನುವುದು ನಿಜ. ಚೆಂಡು ತಂತಿಗಳ ನಡುವೆ ಸರಿಯಾಗಿ ಬಿದ್ದರೆ ಬಹುಪಾಲನ್ನು ರ‍್ಯಾಕೆಟ್ಟಿನ ಜಡತ್ವವೇ ನುಂಗಿಕೊಳ್ಳುತ್ತದೆ. ಅಂಚಿಗೆ ಬಿದ್ದರೆ ಹಿಡಿಕೆ ತಿರುಚಿ ಮಣಿಕಟ್ಟನ್ನೂ ತಿರುಚುತ್ತದೆ. ಹೊಸದಾಗಿ ಆಡುವವರ ಹೊಡೆತ ಬೀಳುವುದು ಹೆಚ್ಚಾಗಿ ಅಂಚಿಗೇ.

ಮೂರನೆಯದು, ನಾನು ಬೇಕೆಂದೇ ಕಣ್ಣುಮುಚ್ಚಿಕೊಂಡಿದ್ದ ಭಾಗ. ರ‍್ಯಾಕೆಟ್ಟಿನ ವೇಗ ಎಂದರೆ ಕೋನೀಯ ವೇಗ ಮತ್ತು ತ್ರಿಜ್ಯದ ಗುಣಲಬ್ಧ. ಮಣಿಕಟ್ಟಿನಿಂದ ಚೆಂಡಿಗೆ ಸುಮಾರು ಅರ್ಧ ಮೀಟರ್. ಮಣಿಕಟ್ಟೊಂದರಿಂದಲೇ 20 ಮೀಟರ್ ವೇಗ ಬರಬೇಕಾದರೆ ಅದು ಸೆಕೆಂಡಿಗೆ ಆರು ಸುತ್ತಿಗಿಂತ ಹೆಚ್ಚಿನ ದರದಲ್ಲಿ ತಿರುಗಬೇಕು. ಆದರೆ ಹಿಂದಕ್ಕೂ ಮುಂದಕ್ಕೂ ಸೇರಿ ಅದಕ್ಕಿರುವ ಅವಕಾಶ ಅರ್ಧ ಸುತ್ತೂ ಅಲ್ಲ. ಅಷ್ಟರೊಳಗೆ ಹೊರಡಬೇಕು, ವೇಗ ಪಡೆಯಬೇಕು, ನಿಲ್ಲಬೇಕು. ಅದೇ ಇಡೀ ಮೈ ತಿರುಗಿದರೆ ಬೆನ್ನಹುರಿಯಿಂದ ಚೆಂಡಿಗೆ ಒಂದು ಮೀಟರ್ ಅಥವಾ ಹೆಚ್ಚು. ಅರ್ಧದಷ್ಟು ತಿರುಗುವ ವೇಗ ಸಾಕು. ತಿರುಗಿಸುವ ಕೆಲಸವನ್ನು ತೊಡೆ, ಸೊಂಟ, ಬೆನ್ನಿನ ದೊಡ್ಡ ಸ್ನಾಯುಗಳು ಮಾಡುತ್ತವೆ. ಮಣಿಕಟ್ಟಿನಲ್ಲಿ ಇರುವುದಾದರೂ ಏನು? ಎಂಟು ಪುಟ್ಟ ಮೂಳೆಗಳು, ಅವನ್ನು ಕಟ್ಟಿದ ನಾರುಗಳು, ಮುಂಗೈಯ ಸ್ನಾಯುಗಳಿಂದ ಹಾದುಬರುವ ರಜ್ಜುಗಳು. ಸನ್ನೆ ವೇಗವನ್ನು ಹೆಚ್ಚಿಸುತ್ತದೆ ಎಂದು ನಾನು ಹೇಳಿದ್ದೆ. ಆ ವೇಗಕ್ಕೆ ಬೇಕಾದ ಶಕ್ತಿಯನ್ನು ಯಾರು ಕೊಡುತ್ತಾರೆ ಎಂದು ಕೇಳಿರಲಿಲ್ಲ.

ಲೆಕ್ಕ ಇಷ್ಟು ಹೇಳಿತು. ಆದರೆ ಸರಿಯಾದ ಬೀಸು ಹೇಗಿರುತ್ತದೆ ಎಂಬುದನ್ನು ತೋರಿಸಿಕೊಟ್ಟದ್ದು ನಮ್ಮ ಹಿತ್ತಿಲ ಬೇಲಿ.

ಜೂನ್ ಮೊದಲ ವಾರ, ಮಳೆ ಹಿಡಿಯುವ ಮುನ್ನ ಬೇಲಿ ಸವರಲು ಒಬ್ಬ ಮುದುಕ ಬಂದಿದ್ದ. ಅರವತ್ತು ದಾಟಿದ ಆಳು. ಬೆಳಿಗ್ಗೆ ಎಂಟಕ್ಕೆ ಕತ್ತಿ ಹಿಡಿದವನು ಮಧ್ಯಾಹ್ನದವರೆಗೂ ಒಂದೇ ಲಯದಲ್ಲಿ ಬೀಸುತ್ತಿದ್ದ. ನಾನು ನನ್ನ ಮೊಬೈಲಿನಲ್ಲಿ ನಿಧಾನಗತಿಯ ಚಿತ್ರ ತೆಗೆದೆ. ಅದು ಸೆಕೆಂಡಿಗೆ 240 ಚಿತ್ರ ಹಿಡಿಯುತ್ತದೆ; ಒಂದಕ್ಕೂ ಇನ್ನೊಂದಕ್ಕೂ ನಡುವೆ ನಾಲ್ಕು ಮಿಲಿಸೆಕೆಂಡಿನಷ್ಟು ಅಂತರ.

ಅದನ್ನು ನೋಡುತ್ತ ನೋಡುತ್ತ ನಾಚಿಕೆಯಾಯಿತು. ಮೊದಲು ಹೊರಡುವುದು ಅವನ ಹಿಂದಿನ ಕಾಲು. ಆಮೇಲೆ ಸೊಂಟ, ಆಮೇಲೆ ಹೆಗಲು. ಅಷ್ಟು ಹೊತ್ತೂ ಕೈ ಹಿಂದೆಯೇ. ಕೈ ಮುಂದೆ ಬಂದಾಗಲೂ ಕತ್ತಿಯ ಹಿಡಿಕೆ ಮುಂದೆ, ಅಲಗು ಹಿಂದೆ. ಮಣಿಕಟ್ಟು ಹಿಂದಕ್ಕೆ ಬಾಗಿದೆ. ಅದನ್ನು ಅವನು ಬಾಗಿಸಿದ್ದಲ್ಲ, ಕತ್ತಿಯ ಭಾರಕ್ಕೆ ಅದೇ ಬಾಗಿದ್ದು. ಕೊನೆಗೆ ಹೆಗಲು ನಿಧಾನವಾಗುತ್ತಿದ್ದಂತೆ ಅಲಗು ಸರ‍್ರನೆ ಮುಂದೆ ಬಂದು ಗಿಡಕ್ಕೆ ತಾಗುತ್ತದೆ. ಎತ್ತಿನ ಮೇಲೆ ಬೀಸುವ ಬಾರುಕೋಲಿನ ತುದಿಯೂ ಹೀಗೆಯೇ ಅಲ್ಲವೇ? ಬುಡ ನಿಂತಾಗ ತುದಿ ಓಡುತ್ತದೆ.

“ಕೈ ನೋಯೂದಿಲ್ವೇನೋ?” ಎಂದು ಕೇಳಿದೆ.

“ಗಟ್ಟಿ ಹಿಡಿದು ಕೈಯಲ್ಲೇ ಹೊಡೆದ್ರೆ ಹತ್ತು ಗಂಟೆಗೇ ಕೈ ಬಿದ್ದೋಗ್ತದೆ ಮಾಸ್ತರೇ. ಮೈ ತಿರಗಬೇಕು. ಕತ್ತಿ ತಾನೇ ಬರ್ತದೆ.”

ಮೊಬೈಲಿನಲ್ಲಿ ದೊಡ್ಡ ಆಟಗಾರರ ಫೋರ್‌ಹ್ಯಾಂಡ್‌ಗಳನ್ನೂ ಹಾಕಿ ನೋಡಿದೆ. ಅಂಗೈಯನ್ನು ಚೆಂಡಿಗೆ ಎದುರು ಮಾಡಿ ಹೊಡೆಯುವ ಹೊಡೆತಕ್ಕೆ ಫೋರ್‌ಹ್ಯಾಂಡ್ ಎನ್ನುತ್ತಾರೆ. ಫೆಡರರ್, ನಡಾಲ್ ಚೆಂಡು ತಾಗಿಸುವಾಗ ಅವರ ಮೊಣಕೈ ಹೆಚ್ಚುಕಡಿಮೆ ನೇರ, ಜೊಕೊವಿಚ್‌ರದು ಬಾಗಿರುತ್ತದೆ. ಆದರೆ ಮೂವರಲ್ಲೂ ಒಂದು ಸಂಗತಿ ಸಮಾನ. ರ‍್ಯಾಕೆಟ್ಟು ಹಿಂದೆ ಉಳಿಯುತ್ತದೆ, ಮಣಿಕಟ್ಟು ಹಿಂದಕ್ಕೆ ಬಾಗಿರುತ್ತದೆ, ಚೆಂಡು ತಾಗುವ ಗಳಿಗೆಯಲ್ಲೂ ಆ ಬಾಗು ಪೂರ್ತಿ ಹೋಗಿರುವುದಿಲ್ಲ. ಮಣಿಕಟ್ಟು ಮುಂದಕ್ಕೆ ಮಡಚಿದಂತೆ ನಮಗೆ ಕಾಣುವುದು ಚೆಂಡು ಹೊರಟುಹೋದ ಮೇಲೆ. ನಮ್ಮ ಕಣ್ಣು ಹಿಡಿಯುವುದು ಆ ಕೊನೆಯ ಭಂಗಿಯನ್ನು. ಅದನ್ನೇ ಹೊಡೆತವೆಂದು ತಿಳಿಯುತ್ತೇವೆ. ಕಣ್ಣು ಕಂಡದ್ದಕ್ಕೆ ಕೈ ಓಗೊಡಲು ಸುಮಾರು 200 ಮಿಲಿಸೆಕೆಂಡು ಬೇಕು. ಚೆಂಡು ತಂತಿಯಲ್ಲಿರುವುದು ಐದು. ಆ ಹೊತ್ತಿನಲ್ಲಿ ಮಣಿಕಟ್ಟಿನಿಂದ ತಿದ್ದುಪಡಿ ಮಾಡುತ್ತೇನೆ ಎನ್ನುವುದು ರೈಲು ಹೋದ ಮೇಲೆ ಟಿಕೆಟು ತೆಗೆದಂತೆ.

ಹಾಗಾದರೆ ಕೈಯಲ್ಲಿ ತಿರುಗುವುದು ಏನು? ಇದನ್ನು ಓದುತ್ತಿರುವ ವಿದ್ಯಾರ್ಥಿಗಳು ಕುಳಿತಲ್ಲೇ ಒಂದು ಪ್ರಯೋಗ ಮಾಡಿ. ಬಲ ಮೊಣಕೈಯನ್ನು ಪಕ್ಕೆಗೆ ತಾಗಿಸಿ, ಮುಂಗೈಯನ್ನು ಲಂಬಕೋನದಲ್ಲಿ ಮುಂದಕ್ಕೆ ಚಾಚಿ. ಮೊಣಕೈ ಅಲುಗದಂತೆ ಅಂಗೈಯನ್ನು ಬಲಕ್ಕೆ ಒಯ್ದು, ಮತ್ತೆ ಹೊಟ್ಟೆಯ ಕಡೆಗೆ ತನ್ನಿ. ಎಡಗೈಯನ್ನು ಬಲ ರಟ್ಟೆಯ ಮೇಲಿಟ್ಟರೆ ತಿಳಿಯುತ್ತದೆ: ಮಣಿಕಟ್ಟು ಸುಮ್ಮನಿದೆ; ರಟ್ಟೆಯ ಮೂಳೆ ಹೆಗಲಿನ ಕೀಲಿನಲ್ಲಿ ತನ್ನ ಸುತ್ತಲೇ ತಿರುಗುತ್ತಿದೆ. ಕಂಬಕ್ಕೆ ಕೂಡಿಸಿದ ಬಾಗಿಲಿನಂತೆ ಮುಂಗೈ ಅದರ ಜೊತೆ ಬರುತ್ತದೆ. ಮೊಣಕೈ ಬಾಗಿಸಿ ಹೊಡೆಯುವವರಿಗೆ ತೋಳಿನಿಂದ ಬರುವ ವೇಗದಲ್ಲಿ ಈ ತಿರುವಿನದು ದೊಡ್ಡ ಪಾಲು. ಇನ್ನೊಂದು ತಿರುವು ಮುಂಗೈಯದು. ರೇಡಿಯಸ್, ಅಲ್ನಾ ಎಂಬ ಎರಡು ಮೂಳೆಗಳು ಒಂದರ ಮೇಲೊಂದು ಹೊರಳಿದಾಗ ಅಂಗೈ ಮೇಲೆ ಕೆಳಗೆ ಆಗುತ್ತದೆ. ಬೀಗದ ಕೈ ತಿರುಗಿಸುವಾಗ ನಾವು ಮಾಡುವುದು ಇದನ್ನೇ. ನಮ್ಮ ಹಿರಿಯರು ‘ಎಂಥಾ ಮಣಿಕಟ್ಟು’ ಎಂದು ಹೊಗಳುತ್ತಿದ್ದರಲ್ಲ, ಶಟಲ್ ಆಟಗಾರರ ಆ ಚಮತ್ಕಾರದಲ್ಲಿ ಬಹುಪಾಲು ಈ ಮುಂಗೈಯ ಹೊರಳು. ಹೆಸರು ಮಾತ್ರ ಮಣಿಕಟ್ಟಿನದು.

ಮಣಿಕಟ್ಟಿಗೆ ಕೆಲಸವೇ ಇಲ್ಲವೆಂದಲ್ಲ. ಅದು ಸೇತುವೆ. ಕಾಲಿನಿಂದ ಹೊರಟು ಸೊಂಟ, ಹೆಗಲು, ತೋಳು ದಾಟಿ ಬಂದ ವೇಗವನ್ನು ರ‍್ಯಾಕೆಟ್ಟಿಗೆ ದಾಟಿಸುವುದು ಅದರ ಕೆಲಸ; ತಂತಿಯ ಮುಖ ಯಾವ ಕಡೆಗಿರಬೇಕೆಂದು ಹಿಡಿದಿಡುವುದೂ ಅದರ ಕೆಲಸ. ಅದಕ್ಕೇ ಎಂಜಿನ್ನಿನ ಕೆಲಸ ಹಚ್ಚಿದರೆ ಮುರಿಯುತ್ತದೆ. ಇದು ಹಳ್ಳಿಯ ಹುಡುಗಿಯ ಕಥೆ ಮಾತ್ರವಲ್ಲ. ಅರ್ಜೆಂಟೀನಾದ ಡೆಲ್ ಪೊಟ್ರೊ ಮಣಿಕಟ್ಟಿನ ಶಸ್ತ್ರಚಿಕಿತ್ಸೆಗಳಲ್ಲೇ ವರ್ಷಗಳನ್ನು ಕಳೆದರು. 2020ರಲ್ಲಿ ಅಮೆರಿಕನ್ ಓಪನ್ ಗೆದ್ದ ಆಸ್ಟ್ರಿಯಾದ ಡೊಮಿನಿಕ್ ಥೀಮ್ 2021ರಲ್ಲಿ ಬಲ ಮಣಿಕಟ್ಟಿಗೆ ಪೆಟ್ಟು ಮಾಡಿಕೊಂಡು, ಹಳೆಯ ಆಟ ಮರಳದೆ 2024ರಲ್ಲಿ ನಿವೃತ್ತರಾದರು. ಅದೇ 2024ರಲ್ಲಿ ಕೊಡಗಿನ ಮನೆತನದ ನಮ್ಮ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಅದೃಷ್ಟ, ಆರೋಗ್ಯ ಎಲ್ಲವೂ ಇದರಲ್ಲಿವೆ, ನಿಜ. ಆದರೂ ವರ್ಷಗಟ್ಟಲೆ ಆಡಬೇಕೆನ್ನುವವನು ಯಾವ ಕೀಲಿಗೆ ಎಷ್ಟು ಹೊರೆ ಹೊರಿಸಬೇಕೆಂದು ತಿಳಿದಿರಲೇಬೇಕು.

ಇಷ್ಟೆಲ್ಲ ತಿಳಿದ ಮೇಲೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ. ಜುಲೈ ತಿಂಗಳ ಒಂದು ಸಂಜೆ, ಕೊಡೆ ಹಿಡಿದು ಅವಳ ಮನೆಗೆ ಹೋದೆ. ತಂದೆ ಜಗುಲಿಯಲ್ಲಿ ಕುಳಿತಿದ್ದರು. ಅಜ್ಜಿ ಕಷಾಯ ತಂದಿಟ್ಟರು. ಹುಡುಗಿ ಬಾಗಿಲ ಮರೆಯಲ್ಲಿ ನಿಂತಿದ್ದಳು.

“ಡಾಕ್ಟರು ಕೇಳಿದ ಪ್ರಶ್ನೆಗೆ ಉತ್ತರ ನಾನು. ಮಣಿಕಟ್ಟು ಮುರಿದು ಹೊಡೆ ಎಂದು ಹೇಳಿಕೊಟ್ಟವನು ನಾನೇ. ತಪ್ಪು ಅವಳದಲ್ಲ, ಆಟದ್ದೂ ಅಲ್ಲ” ಎಂದೆ.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಹಂಚಿನ ಮೇಲೆ ಮಳೆ ಸುರಿಯುವ ಸದ್ದಷ್ಟೇ. ತಂದೆ ಕವಳದ ಬಟ್ಟಲನ್ನು ನನ್ನತ್ತ ಸರಿಸಿದರು. “ಇದನ್ನ ಹೇಳೂಕೆ ಈ ಮಳೆಲ್ಲಿ ಬಂದ್ರಾ ಮಾಸ್ತರೇ?” ಎಂದರು. ಮತ್ತೆ ಸ್ವಲ್ಪ ತಡೆದು, “ಮೊದಲೇ ಹೇಳ್ಬಹುದಿತ್ತು” ಎಂದರು. ಅದೂ ಸರಿಯಾದ ಮಾತೇ. ನಾನು ಉತ್ತರ ಕೊಡಲಿಲ್ಲ.

ಒಳಗಿನಿಂದ ಹುಡುಗಿ ಕೇಳಿದಳು: “ಹಾಗಾದ್ರೆ ಸರ್, ಹೇಗೆ ಹೊಡೀಬೇಕು?”

ವೈದ್ಯರು ಒಪ್ಪಿದ ಮೇಲೆ, ಚೌತಿ ಹಬ್ಬ ಕಳೆದು, ಅವಳು ಮತ್ತೆ ಶುರು ಮಾಡಿದಳು. ಈ ಸಲ ಕ್ರಮ ಬೇರೆ. ಮೊದಲ ಹದಿನೈದು ದಿನ ರ‍್ಯಾಕೆಟ್ಟೇ ಇಲ್ಲ. ಜಗುಲಿಯಲ್ಲಿ ನಿಂತು, ಎರಡೂ ಹೆಗಲು ಒಟ್ಟಿಗೆ ಹಿಂದಕ್ಕೆ ತಿರುಗಿಸಿ, ಹಿಂದಿನ ಕಾಲಿನಿಂದ ನೆಲವನ್ನು ಒತ್ತಿ, ಸೊಂಟದಿಂದ ತಿರುಗುವುದು. ಆಮೇಲೆ ಖಾಲಿ ಬೀಸು. ಹಿಡಿತ ಎಷ್ಟು ಗಟ್ಟಿ? ಹಕ್ಕಿಮರಿ ಹಿಡಿದಂತೆ, ಹಾರಿಹೋಗಲೂಬಾರದು, ಉಸಿರೂ ಕಟ್ಟಬಾರದು.

ಆಗಲೇ ಇನ್ನೊಂದು ವಿಷಯ ಹೊಳೆಯಿತು. ಅವಳು ಗೋಡೆಯಿಂದ ಆರು ಮೀಟರ್ ದೂರದಲ್ಲಿ ನಿಂತು ಆಡುತ್ತಿದ್ದಳು. ಹೊಡೆದ ಚೆಂಡು ಒಂದು ಸೆಕೆಂಡಿನೊಳಗೆ ವಾಪಸು. ಮೈ ತಿರುಗಿಸಲು ಸಮಯವೇ ಇಲ್ಲ. ಕೈಗೆ ಉಳಿದ ದಾರಿ ಮಣಿಕಟ್ಟೊಂದೇ. ನಾನು ಹೇಳಿದ್ದನ್ನು ಅಂಗಳವೂ ಅವಳಿಗೆ ಕಲಿಸಿತ್ತು. ಆದ್ದರಿಂದ ಅಂಗಳದ ತುದಿಗೆ ಸರಿದು ನಿಂತು, ಚೆಂಡು ಎರಡು ಬಾರಿ ಪುಟಿಯಲು ಬಿಟ್ಟಳು. ಪುಟಿತ ಕಳೆದುಕೊಂಡ ಹಳೆಯ ಮೆತ್ತಗಿನ ಚೆಂಡುಗಳನ್ನೇ ಆರಿಸಿಕೊಂಡೆವು. ಸೋದರಮಾವ ಅವಳ ಅಳತೆಗೆ ಹಗುರವಾದ ಬೇರೆ ರ‍್ಯಾಕೆಟ್ಟು ಕಳಿಸಿದ. ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ, ವಾರಕ್ಕೆ ಎರಡು ದಿನ ರಜೆ.

ತಂದೆತಾಯಿಗಳಿಗೆ ಒಂದು ಮಾತು. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪಟ್ಟಿ ಎಂಬ ಮೃದುವಾದ ಭಾಗವಿರುತ್ತದೆ. ಮಣಿಕಟ್ಟಿನಲ್ಲಿ ಹದಿಹರೆಯ ಮುಗಿಯುವವರೆಗೂ ಅದು ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮಗು ನೋವು ಎಂದರೆ ‘ಆಟದಲ್ಲಿ ಇದೆಲ್ಲ ಇದ್ದದ್ದೇ’ ಎನ್ನಬೇಡಿ. ದೊಡ್ಡವರ ರ‍್ಯಾಕೆಟ್ಟು, ದೊಡ್ಡವರ ಬ್ಯಾಟು ‘ಮುಂದಕ್ಕೆ ಆಗುತ್ತದೆ’ ಎಂದು ಕೊಡಿಸಬೇಡಿ. ಅಂಗಿಯನ್ನು ಹಾಗೆ ಹೊಲಿಸಬಹುದು. ಕೈಯಲ್ಲಿ ಹಿಡಿಯುವ ಭಾರವನ್ನಲ್ಲ. ಹಾಗೆಂದು ಒಮ್ಮೆ ನೋವಾಯಿತೆಂದು ಆಟವನ್ನೇ ನಿಲ್ಲಿಸುವುದೂ ಮದ್ದಲ್ಲ. ನೋವು ಏಕೆ ಬಂತೆಂದು ಕೇಳಿ. ಉತ್ತರ ಕೆಲವೊಮ್ಮೆ ಕಲಿಸಿದವರ ಹತ್ತಿರವೇ ಇರುತ್ತದೆ.

ಮುಂದಿನ ವರ್ಷ ಅವಳು ಒಂದು ಪಂದ್ಯಕ್ಕೆ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂದಳು. ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಕೈ ನೋಯದೆ ಬರೆದಳು. ಈಗ ಧಾರವಾಡದಲ್ಲಿ ಓದುತ್ತಿದ್ದಾಳೆ; ಸಂಜೆ ಆಡಲು ಜೊತೆ ಸಿಕ್ಕಿದೆಯಂತೆ. ಕೊಟ್ಟಿಗೆಯ ಗೋಡೆಯ ಮೇಲಿನ ಚೆಂಡಿನ ಗುರುತುಗಳಿಗೆ ಅವಳ ತಂದೆ ಇನ್ನೂ ಸುಣ್ಣ ಬಳಿಸಿಲ್ಲ.

ನಾನು ಈಗಲೂ ತರಗತಿಯಲ್ಲಿ ಸನ್ನೆಯ ಪಾಠ ಮಾಡುತ್ತೇನೆ. ಆಧಾರಬಿಂದು, ಭಾರ, ಬಲ ಎಂದು ಅದೇ ಮೂರು ಬಾಣ ಬರೆಯುತ್ತೇನೆ. ಬರೆದ ಮೇಲೆ ಮಾತ್ರ ಮೊದಲು ಕೇಳದಿದ್ದ ಒಂದು ಪ್ರಶ್ನೆ ಕೇಳುತ್ತೇನೆ: “ಈ ಬಾಣದ ಹಿಂದೆ ದುಡಿಯುತ್ತಿರುವವರು ಯಾರು? ಅವರಿಗೆ ಅಷ್ಟು ತ್ರಾಣ ಇದೆಯೇ?” ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಗ ನಾನು ಅವರನ್ನೆಲ್ಲ ಎಬ್ಬಿಸಿ ನಿಲ್ಲಿಸಿ, ಮೊಣಕೈಯನ್ನು ಪಕ್ಕೆಗೆ ತಾಗಿಸಿಕೊಳ್ಳಲು ಹೇಳುತ್ತೇನೆ.